ಸಣ್ಣವ್ವಾ, ಈ ಸಲ ಮುಂದಿನ ಬಂಡಿ ನಮ್ದು

ಸಣ್ಣವ್ವಾ,

ನಿನ್ನೆ ಫೋನಿನ್ಯಾಗ ನೀ ಕೇಳಿದ್ದಕ್ಕ ನಾ ಸರಿಯಾಗಿ ಉತ್ತರಾ ಕೊಡಲಿಲ್ಲ, ಬಾಜೂಕ ಕಮ್ಮಾರ ಬಂಡಿ ಗಾಲಿಯ ಕಬ್ಬಿಣದ ಹಳಿ ಬಡ್ಯಾಕತ್ತಿದ್ದ, ಕಿವಿಗೆ ಏನೂ ಬೀಳವಲ್ದಾಗಿತ್ತು. ಈಗ ಎಲ್ಲಾರೂ ಮಲಗ್ಯಾರ, ಪಡಸಾಲ್ಯಾಗ ಕುಂತು ಮೊಬೈಲಿನ್ಯಾಗ ಬರ್ಯಾಕತ್ತೀನಿ, ಉದ್ದ ಆದ್ರೂ ಪೂರ್ತಿ ಓದವಾ. ನೀ ಕೇಳಿದ್ದು ಇಷ್ಟ, ಕುಂದಗೋಳದ ಕಡಿಂದ ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಕಾರಿನ್ಯಾಗ ಎರಡು ತಾಸು, ಅಪ್ಪಾ ನೀ ಯಾಕ ನಾಕು ದಿನಾ ಬಂಡಿ ಹೊಡೀತಿ, ನಾ ಹುಣ್ಣಿಮಿ ದಿನಾ ಸೀದಾ ಗುಡ್ಡಕ್ಕ ಬರ್ತೀನಿ ಅಂತ. ನೀ ಕೇಳಿದ್ದು ತಪ್ಪಲ್ಲ, ನಿನಗ ರಜಾ ಸಿಗೂದ ಕಷ್ಟ ಅಂತ ನನಗೂ ಗೊತ್ತೈತಿ. ಆದ್ರ ಈ ಭಾರತ ಹುಣ್ಣಿಮಿಗೆ ನೀ ಮನಿಯಿಂದನ ಬಂಡಿ ಹತ್ತಬೇಕಂತ ನನ್ನ ಆಸೆ, ಯಾಕಂತ ಹೇಳ್ತೀನಿ, ಮೊದ್ಲ ಇಲ್ಲಿ ಏನೇನು ನಡದೈತಿ ಕೇಳು.

ತಯಾರಿ ಶುರು ಆಗೂದು ಮನಶ್ಯಾರಿಂದಲ್ಲ, ಎತ್ತಿನಿಂದ. ಒಂದು ತಿಂಗಳ ಹಿಂದನ ಡಾಕ್ಟರ್ ಬಂದು ಊರಾಗಿನ ಎಲ್ಲಾ ಎತ್ತಿಗೂ ಕಾಲುಬಾಯಿ ಬ್ಯಾನಿ ಲಸಿಕಿ ಹಾಕಿ ಹೋದ್ರು, ಇಂಜೆಕ್ಷನ್ ಹಾಕಿದ ಮರುದಿನಾನ ಅದು ಕೆಲಸಾ ಮಾಡೂದಿಲ್ಲ, ಎರಡು ಮೂರು ವಾರ ಬೇಕು, ಅದಕ್ಕ ಮುಂಚೇನ ಹಾಕಸಬೇಕು. ಜಾತ್ರ್ಯಾಗ ಎಲ್ಲೆಲ್ಲಿ ದನಾ ಬಂದು ಒಂದ ಕಡೆ ನೀರು ಕುಡೀತಾವ. 2022ರಾಗ ಚರ್ಮಗಂಟು ರೋಗ ಬಂದಾಗ ಹಾವೇರಿ, ಧಾರವಾಡ ಕಡೆ ಎಷ್ಟು ಮಂದಿ ದನಾ ಕಳಕೊಂಡ್ರು ನಿನಗ ನೆನಪೈತಲ್ಲ, ನಮ್ಮ ಎತ್ತು ಬಿಳ್ಯಾನ ಮೈ ಮ್ಯಾಲೆ ದಿನಾ ಕೈ ಆಡಿಸಿ ಆಡಿಸಿ ಗಂಟು ಐತೇನಂತ ನೋಡತಿದ್ದೆ ನಾನು. ಆ ವರ್ಷದ್ದು ಇನ್ನೂ ಎದಿ ಒಳಗ ಕುಂತೈತಿ.

ನಾಲ ಬಡಿಸಿ ಹದಿನಾರು ದಿನಾ ಆತು. ಒಂದು ಕಾಲಿಗೆ ಎರಡು, ಒಂದು ಎತ್ತಿಗೆ ಎಂಟು ನಾಲ, ಡಾಂಬರ ರಸ್ತೆದಾಗ ನಾಲ ಇಲ್ದ ಎಂಬತ್ತು ಕಿಲೋಮೀಟರ್ ನಡಿಸಿದ್ರ ಗೊರಸು ಸವದು ರಕ್ತ ಬರ್ತೈತಿ. ಆರು ವರ್ಷದ ಹಿಂದ ನಾ ಮಾಡಿದ್ದ ತಪ್ಪು ನಿನಗ ಯಾರೂ ಹೇಳಿಲ್ಲ ಅನಸ್ತೈತಿ. ಆಗ ಹತ್ತಿ ಬಿಡಸೂ ಗಡಿಬಿಡ್ಯಾಗ ನಾಲ ಬಡಿಸೂದು ತಡಾ ಮಾಡಿ, ಬಂಡಿ ಬಿಡೂದು ಇನ್ನ ಎರಡು ದಿನಾ ಐತಿ ಅನ್ನೂವಾಗ ನಮ್ಮ ಇನ್ನೊಂದು ಎತ್ತು ಮಾಸ್ಯಾಗ ಬಡಿಸಿದೆ. ಒಂದು ಮೊಳಿ ಮೆತ್ತನ ಮಾಂಸಕ್ಕ ತಾಗಿತ್ತು, ಮನ್ಯಾಗ ಗೊತ್ತಾಗಲಿಲ್ಲ, ಹಾರೋಬೆಳವಡಿ ದಾಟೂದರಾಗ ಹಿಂದಿನ ಬಲಗಾಲು ಎತ್ತಿ ಎತ್ತಿ ಇಡಾಕ ಹತ್ತಿತು. ಆ ನಾಲ ಕಿತ್ತು, ಬಿಸಿನೀರಾಗ ತೊಳದು, ಅರಿಶಿಣಾ ಎಣ್ಣಿ ಹಾಕಿ ಅರಿವಿ ಕಟ್ಟಿ ಕುಂದ್ರೂದು ಬಿಟ್ರ ಏನೂ ಮಾಡಾಕ ಆಗಲಿಲ್ಲ. ಉಳದ ಹತ್ತು ಬಂಡಿಯವ್ರು ನಮ್ಮನ್ನ ಬಿಟ್ಟು ಹೋಗಬಹುದಿತ್ತು, ಹುಣ್ಣಿಮಿ ಯಾರಿಗೂ ಕಾಯೂದಿಲ್ಲ. ಆದ್ರ ಒಬ್ರೂ ನೊಗಕ್ಕ ಕೈ ಹಚ್ಚಲಿಲ್ಲ, ಅರ್ಧಾ ದಿನಾ ಗಿಡದ ಕೆಳಗ ಕುಂತ್ರು, ಆಮ್ಯಾಲೆ ನಿಮ್ಮ ದೊಡ್ಡಪ್ಪ ಜೋಡಿ ತಂದಿದ್ದ ಹೆಚ್ಚಿನ ಎತ್ತು ನಮ್ಮ ಬಂಡಿಗೆ ಕಟ್ಟಿದ, ಮಾಸ್ಯಾನ್ನ ಹಿಂದ ಖಾಲಿ ನಡಸ್ಕೋತ ಹೋದ್ವಿ. ಅವತ್ತಿಂದ ನಾಲ ಅಂದ್ರ ಕಡಿಮಿ ಅಂದ್ರೂ ಹದಿನೈದು ದಿನಾ ಮೊದ್ಲ, ಬಡಿಸಿದ ಮ್ಯಾಲೆ ದಿನಾ ಹೊಲದತನಾ ಡಾಂಬರ ರಸ್ತೆ ಮ್ಯಾಲೆನ ನಡಸಿ ನೋಡತೀನಿ.

ಬಂಡಿದು ಬ್ಯಾರೆ ಕೆಲಸ. ಈಗ ಹನ್ನೊಂದರಾಗ ಏಳು ಟಾಯರ್ ಬಂಡಿ, ನಾಕು ಮಾತ್ರ ಕಟಿಗಿ ಗಾಲಿದ್ದು, ಅದರಾಗ ನಮ್ದೂ ಒಂದು. ಎಡಗಾಲಿ ನೆಳ್ಳಾಗ ನಿಂತು ಒಣಗಿ ಹಳಿ ಸಡಲಾಗಿತ್ತು. ಕೆರಿಯಾಗ ಎರಡು ದಿನಾ ಮುಳುಗಿಸಿದ್ರ ಕಟಿಗಿ ನೀರು ಕುಡದು ಉಬ್ಬಿ ಹಳಿ ಬಿಗೀ ಆಗ್ತೈತಿ, ಭಾಳ ಮಂದಿ ಹಂಗ ಮಾಡ್ತಾರ, ಆದ್ರ ನೀರಿನ ಬಿಗಿ ಬಿಸಲಿಗೆ ನಾಕ ದಿನಾ ಅಂತ ಕಮ್ಮಾರ ಒಪ್ಪಲಿಲ್ಲ. ಹಳಿ ಬಿಚ್ಚಿ, ಸ್ವಲ್ಪ ಕತ್ತರಿಸಿ ಬೆಸದು, ಕುಳ್ಳು ಸುತ್ತಲೂ ಒಟ್ಟಿ ಬೆಂಕಿ ಹಾಕಿ ಕೆಂಪಗ ಕಾಸಿದ, ಕಾದ ಕಬ್ಬಿಣ ಹಿಗ್ಗತೈತಲ್ಲ, ಹಿಗ್ಗಿದಾಗ ನಾಕು ಮಂದಿ ಇಕ್ಕಳದಾಗ ಹಿಡದು ಗಾಲಿಗೆ ಏರಿಸಿ ಕೊಡಾ ಕೊಡಾ ನೀರು ಸುರದ್ರು, ಆರೂ ಮುಂದ ಅದು ಕುಗ್ಗಿ ಕಟಿಗಿನ್ನ ಹಿಡಕೊಳ್ಳೂ ಸಪ್ಪಳ ಕಟ್ ಕಟ್ ಅಂತ ಕೇಳಿಸ್ತೈತಿ. ನಿನಗ ಫೋನಿನ್ಯಾಗ ಕೇಳಿಸಿದ್ದು ಅದ. ಕೀಲೆಣ್ಣಿ ಡಬ್ಬಿ ಬಂಡಿ ಕೆಳಗ ಕಟ್ಟೇನಿ, ಗಾಲಿ ಕಳಚದಂಗ ಹಾಕೂ ಕಡಾಣಿ ಹೆಚ್ಚಿನವು ಎರಡು ಇಟ್ಟೇನಿ. ಬಿದಿರು ಬಗ್ಗಿಸಿ ಕೊಲ್ಲಾರಿ ಕಟ್ಟಿ ತಾಡಪತ್ರಿ ಹೊದಿಸೂದು ಆತು, ಒಳಗ ಹುಲ್ಲು ಹಾಸಿ ಮ್ಯಾಲೆ ನಿಮ್ಮ ಆಯಿ ಹೊಲದ ಕೌದಿ ಎರಡು.

ಮೇವಿನ ಲೆಕ್ಕಾ ಮೊನ್ನೆ ಗುಡಿ ಕಟ್ಟಿ ಮ್ಯಾಲೆ ಹಾಕಿದ್ವಿ. ಒಂದು ಎತ್ತಿಗೆ ದಿನಕ್ಕ ಹತ್ತು ಕಿಲೋ ಕಣಕಿ ಅಂದ್ರ ಇಪ್ಪತ್ತೆರಡು ಎತ್ತಿಗೆ ದಿನಕ್ಕ ಎರಡು ಕ್ವಿಂಟಲ್ ಇಪ್ಪತ್ತು ಕಿಲೋ, ಹೋಗಿ ಬರೂದು ಒಂಬತ್ತು ದಿನಾ, ಇಪ್ಪತ್ತು ಕ್ವಿಂಟಲ್ ಹತ್ರಾ ಆಗ್ತೈತಿ. ಅದನ್ನ ಬಂಡ್ಯಾಗ ಹೇರಿದ್ರ ಮನಶ್ಯಾರು ಎಲ್ಲಿ ಕುಂದ್ರಬೇಕು, ಅದಕ್ಕ ಒಂದು ಟ್ರ್ಯಾಕ್ಟರ್ ಹಿಂದ ಬರ್ತೈತಿ, ಮೇವು, ಹಿಂಡಿ, ಮತ್ತ ನೀರಿನ ಟಾಕಿ. ಒಂದು ಎತ್ತು ದಿನಕ್ಕ ಮೂವತ್ತು ನಲವತ್ತು ಲೀಟರ್ ನೀರು ಕುಡೀತೈತಿ, ಬಿಸಲಾಗ ಇನ್ನೂ ಹೆಚ್ಚು. ಬಂಡಿಗೆ ಎರಡು ಸಾವಿರ ಪಟ್ಟಿ ಹಾಕೇವಿ. ಟ್ರ್ಯಾಕ್ಟರ್ ತಗೊಂಡ್ರ ಬಂಡಿ ಯಾಕ ಅಂತ ಹುಡುಗ್ರು ಕೇಳಿದ್ರು. ತಾಯಿಗೆ ನಡಕೋತ ಬರ್ತೀವಂತ ಹರಕಿ ಹೊತ್ತವ್ರು ನಾವಷ್ಟ ಅಲ್ಲ, ವರ್ಷಾನಗಟ್ಲೆ ಹೊಲಾ ಊಳಿದ ಎತ್ತೂ ಗುಡ್ಡಾ ನೋಡಬೇಕು ಅಂತ ನಮ್ಮಪ್ಪ ಅಂತಿದ್ದ, ನಾನೂ ಅದನ್ನ ನಂಬೇನಿ.

ನಿಮ್ಮವ್ವಂದು ಅಡಗಿ ಮನ್ಯಾಗ ಹತ್ತು ದಿನದಿಂದ ನಡದೈತಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕಡಕ್ ಮಾಡಿ ಬಿಳೇ ಅರಿವ್ಯಾಗ ಕಟ್ಟಿಟ್ಟಾಳ, ಇನ್ನೂರು ಆಗ್ಯಾವ, ನೂರು ಬಾಕಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ ಡಬ್ಬಿ ತುಂಬ್ಯಾವ, ಕೆಂಪು ಮೆಣಸಿನಕಾಯಿ ಚಟ್ನಿ ನಮ್ಮ ಹೊಲದ್ದ. ಶೇಂಗಾದ ಹೋಳಗಿ ಹೊಂಡೂ ಹಿಂದಿನ ದಿನಾ ಮಾಡ್ತಾಳ. ಗುಡ್ಡದಾಗ ಪಡ್ಲಿಗಿ, ಅಂದ್ರ ಎಲ್ಲಮ್ಮನ ಬುಟ್ಟಿ, ತುಂಬಸಾಕ ಕಡಬು, ಹೋಳಗಿ, ಬದನಿಕಾಯಿ ಪಲ್ಲೆ ಅಲ್ಲೇ ಒಲಿ ಹೂಡಿ ಮಾಡೂದು, ಅದಕ್ಕ ಬ್ಯಾಳಿ ಬೆಲ್ಲಾ ಬ್ಯಾರೆ ಗಂಟು ಕಟ್ಯಾಳ, ಆ ಗಂಟು ಯಾರೂ ಮುಟ್ಟಂಗಿಲ್ಲ.

ದಾರಿ ಹೇಳ್ತೀನಿ. ದಶಮಿ ದಿನಾ ಬೆಳಗಿನ ಮೂರಕ್ಕ ಬಂಡಿ ಬಿಡ್ತೀವಿ, ಬಿಸಲು ಏರೂದರಾಗ ಹಳೇ ಹುಬ್ಬಳ್ಳಿ, ಸಿದ್ಧಾರೂಢ ಮಠದ ಹತ್ರಾ ಬಿಡಾರ, ಮಠದಾಗ ಪ್ರಸಾದ. ಮರುದಿನಾ ನಸುಕಿನ್ಯಾಗ ಹುಬ್ಬಳ್ಳಿ ಧಾರವಾಡ ನಡುವಿನ ಚಿಗರಿ ಬಸ್ಸು ಶುರು ಆಗೂಕಿಂತ ಮೊದ್ಲ ಉಣಕಲ್ ಕೆರಿ ದಾಟಿಬಿಡಬೇಕು, ನನಗ ಪೂರಾ ದಾರ್ಯಾಗ ಅಂಜಿಕಿ ಅಂದ್ರ ಅದೊಂದ ತುಕಡಿ. ಹಿಂದ ರೇಡಿಯಂ ಪಟ್ಟಿ ಹಚ್ಚೇನಿ, ಕೆಂಪ ಲೈಟ್ ಒಂದು ಬೇಕು. ಧಾರವಾಡದಾಗ ಮಧ್ಯಾಹ್ನ ತಣ್ಣಗ ಮಲಗಿ ಸಂಜಿಗೆ ಅಮ್ಮಿನಬಾವಿ. ಹುಬ್ಬಳ್ಳಿ ಧಾರವಾಡದ ನಳಕ್ಕ ಬರೂ ಮಲಪ್ರಭಾ ನೀರು ಅಲ್ಲೇ ಶುದ್ಧ ಆಗಿ ಬರ್ತೈತಿ, ನಾವು ಆ ನೀರು ಬಂದ ದಿಕ್ಕಿಗೆ ಎದುರ ಹೋಗ್ತೀವಿ ನೋಡು. ಮುಂದ ಹಾರೋಬೆಳವಡಿ, ಇನಾಮಹೊಂಗಲ, ಸವದತ್ತಿ. ತ್ರಯೋದಶಿ ಸಂಜಿಗೆ ಜೋಗುಳಬಾವಿ ಮುಟ್ಟಿ ಜಳಕಾ ಮಾಡಿ ಸತ್ಯೆಮ್ಮಗ ಕೈ ಮುಗದು, ಮರುದಿನಾ ಗುಡ್ಡಾ.

ಒಂದು ಸಂಗತಿ ನೀ ಸಣ್ಣಾಕಿ ಇದ್ದಾಗ ಕೇಳತಿದ್ದಿ, ಚಂದಪ್ಪ ಯಾಕ ನಮ್ಮ ಜೋಡಿ ಬರ್ತಾನಂತ. ಹುಣ್ಣಿಮಿ ಮುಂಚಿನ ದಿನದಾಗ ಹೊತ್ತು ಮುಣಗೂದರಾಗ ಚಂದ್ರ ಆಗಲೇ ಮೂಡಿ ಮ್ಯಾಲೆ ಬಂದಿರ್ತಾನ, ಸಂಜಿ ಪಯಣ ಪೂರಾ ಬೆಳದಿಂಗಳಾಗ, ನಸುಕಿನ್ಯಾಗ ಮಾತ್ರ ಕತ್ತಲಿ. ವಾಪಸ್ ಬರೂವಾಗ ಉಲ್ಟಾ, ಸಂಜಿ ಕತ್ತಲಿ, ನಸುಕು ಬೆಳ್ಳಗ. ಹಿರ್ಯಾರು ದಿನಾ ಹಿಡದಿದ್ದು ಅದನ್ನ ನೋಡೆ.

ಈಗ ಹೇಳಬೇಕಾದ್ದು. ಬಿಳ್ಯಾಂದು ಇದು ಕಡೀ ಬಂಡಿ. ನೀ ಹತ್ತನೇತ್ತೆ ಪರೀಕ್ಷಾ ಬರದ ವರ್ಷ ಹುಟ್ಟಿದ ಕರಾ, ತಾಯಿ ಹಾಲು ಬಿಡವಲ್ದಾಗ ನೀನ ಬಾಟಲಿಲೆ ಕುಡಿಸಿದ್ದಿ, ಈಗ ಹನ್ನೆರಡು ವರ್ಷದಾಂವ. ಊಟಾ ಛಲೋ ಮಾಡ್ತಾನ, ಕಾಲು ಗಟ್ಟಿ ಅದಾವ, ಆದ್ರ ದಿನ್ನಿ ಏರೂವಾಗ ಉಸುರು ಹತ್ತತೈತಿ. ಡಾಕ್ಟರ್‌ಗೆ ತೋರಿಸಿದೆ, ಬಂಡ್ಯಾಗ ಮಂದಿ ಕಡಿಮಿ ಕುಂದ್ರಸ್ರಿ, ಮೆಲ್ಲಕ ನಡಸ್ರಿ, ಹೋಗ್ತಾನ ಅಂದ್ರು. ಗುಡ್ಡದಿಂದ ಬಂದ ಮ್ಯಾಲೆ ಅವನ ಹೆಗಲಿಗೆ ನೊಗಾ ಇಡೂದಿಲ್ಲ, ಮಾರೂದೂ ಇಲ್ಲ, ಹಿತ್ತಲದಾಗ ಇರ್ತಾನ.

ನಾ ಕಟ್ಟಿ ಮ್ಯಾಲೆ ಎಲ್ಲಾರಿಗೂ ಇದನ್ನ ಹೇಳಿ, ನಮ್ಮ ಬಂಡಿ ಹಿಂದ ಇರ್ತೈತಿ, ನೀವು ನಿಮ್ಮ ನಡಿಗಿಲೆ ನಡೀರಿ ಅಂದೆ. ವಾಡಿಕಿ ನಿನಗ ಗೊತ್ತೈತಿ, ಮುಂದಿನ ಬಂಡಿ ಅಂದ್ರ ಊರಾಗ ಭಾರೀ ಕಿಲಾರಿ ಜೋಡಿ ಯಾರ್ದೋ ಅವರ್ದು, ಅದಕ್ಕ ಜಗಳಾ ಆಗಿದ್ದೂ ಐತಿ. ನಿಮ್ಮ ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮ ಕುಂತು, ಹಿಂದ ಇದ್ದ ಎತ್ತು ಮುಂದಿನವ್ರನ್ನ ಹಿಡ್ಯಾಕ ಓಡತೈತಿ, ಅದಕ್ಕ ದಮ್ಮು ಹತ್ತತೈತಿ, ಬಿಳ್ಯಾನ್ನ ಮುಂದ ಕಟ್ರಿ, ಅವನ ನಡಗೀನ ಎಲ್ಲಾರ ನಡಗಿ ಅಂದ. ಯಾರೂ ಎದುರು ಮಾತಾಡಲಿಲ್ಲ ಸಣ್ಣವ್ವಾ, ಈ ವರ್ಷ ಹೊಸಾ ಜೋಡಿ ತಂದ ಹುಡುಗನೂ ಹೂಂ ಅಂದ. ನನಗ ಮಾತು ಹೊಂಡಲಿಲ್ಲ, ಎದ್ದು ಮನಿಗೆ ಬಂದೆ.

ಅದಕ್ಕ ಕರ್ಯಾಕತ್ತೀನಿ. ಬಂಡ್ಯಾಗ ನಿಮ್ಮ ಆಯಿ ಮತ್ತ ನೀನು ಇಬ್ರ, ನಿಮ್ಮವ್ವ ದೊಡ್ಡಪ್ಪನ ಬಂಡ್ಯಾಗ ಕುಂದ್ರತಾಳ, ನಾ ದಿನ್ನಿ ಬಂದಲ್ಲೆಲ್ಲಾ ಇಳದು ನಡೀತೀನಿ, ಆಗ ಹಗ್ಗಾ ನೀ ಹಿಡೀಬೇಕು. ಬಾರಕೋಲು ಈ ಸಲ ತಗೋಳೂದಿಲ್ಲ, ಅಂವಗ ನಿನ್ನ ದನಿ ಸಾಕು. ನಾಕು ದಿನಾ ರಜಾ ಹಾಕು, ಗುಡ್ಡದಿಂದ ನಿನ್ನ ಬಸ್ಸಿಗೆ ಹತ್ತಿಸಿ ಧಾರವಾಡಕ್ಕ ಕಳಸ್ತೀನಿ, ಅಲ್ಲಿಂದ ಟ್ರೇನ್ ಅದಾವ. ಬರೂವಾಗ ಬ್ಯಾಟರಿಲೆ ಹತ್ತೂ ಕೆಂಪ ಲೈಟ್ ಒಂದು, ಛಲೋ ಟಾರ್ಚ್ ಒಂದು, ಪವರ್ ಬ್ಯಾಂಕ್ ತಗೊಂಬಾ. ಸ್ವೆಟರ್ ಮರೀಬ್ಯಾಡ, ನಸುಕಿನ್ಯಾಗ ಥಂಡಿ ಐತಿ.

ಟಿಕೆಟ್ ಆದ ಕೂಡ್ಲೆ ಹೇಳು, ಹುಬ್ಬಳ್ಳಿ ಸ್ಟೇಶನ್ನಿಗೆ ಕಾಕಾ ಬೈಕ್ ತಗೊಂಡು ಬರ್ತಾನ. ಗೆಜ್ಜಿ ಸರಾ ತೊಳದಿಟ್ಟೇನಿ, ಜೂಲಾ ಹೊಲಸೇನಿ, ಕೋಡಿಗೆ ಬಣ್ಣಾ ಮಾತ್ರ ಇನ್ನೂ ತಂದಿಲ್ಲ. ಸಣ್ಣಾಕಿ ಇದ್ದಾಗ ನೀನ ಆರಸ್ತಿದ್ದಿ, ಈ ವರ್ಷ ಯಾವ ಬಣ್ಣಾ ಅಂತ ಬರದು ಕಳಸು.

ನಿಮ್ಮಪ್ಪ