ಮಗಳಿಗೊಂದು ಪತ್ರ: ರೊಟೇಶನ್‌ಗೆ ಎಷ್ಟು ದಿನ?

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಅತ್ತಿದ್ದನ್ನು ಅಮ್ಮನಿಗೆ ಹೇಳಿಲ್ಲ. ಹಾಸ್ಟೆಲ್ಲಿನ ಹತ್ತು ನಿಮಿಷದಲ್ಲಿ ಮಾತೂ ಮುಗಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೂರು ವಾರದಿಂದ ದಿನಕ್ಕೆ ನಾಲ್ಕು ಗಂಟೆ ಫಿಸಿಕ್ಸಿನ ರೊಟೇಶನ್ ಪಾಠ ಒಂದಕ್ಕೇ ಕೂತಿದ್ದೀಯ ಅಂದೆ. ನೀನು ಇಲ್ಲಿ ಬಿಟ್ಟುಹೋದ ಹಳೇ ನೀಟ್ ಪೇಪರುಗಳನ್ನು ನಿನ್ನೆ ರಾತ್ರಿ ತಿರುವಿ ನೋಡಿದೆ. ಆ ಪಾಠದ್ದು ಅಂತ ಕಂಡಿದ್ದು ಒಂದೊಂದರಲ್ಲಿ ಎರಡೋ ಮೂರೋ ಪ್ರಶ್ನೆ. ಮೂರೇ ಅಂತಿಟ್ಟುಕೋ, 720ರಲ್ಲಿ 12 ಅಂಕ. ಬಯಾಲಜಿ ಒಂದೇ 360. ಅದನ್ನು ಈ ಮೂರು ವಾರದಲ್ಲಿ ಎಷ್ಟು ಸಲ ತೆರೆದೆ?

ಹಾಗಂತ ಪೂರ್ತಿ ಬಿಡು ಅನ್ನುತ್ತಿಲ್ಲ. ಇನ್ನು ಎಂಟು ದಿನ, ಬೆಳಿಗ್ಗೆ ಒಂದೂವರೆ ಗಂಟೆ ಕೊಡು: ಟಾರ್ಕ್, ಆಂಗ್ಯುಲರ್ ಮೊಮೆಂಟಮ್, ಉರುಳುವ ಲೆಕ್ಕ, ಅಷ್ಟೇ. ಒಂಬತ್ತನೇ ದಿನ ಪುಸ್ತಕ ಮುಚ್ಚಿಬಿಡು, ಅರ್ಥ ಆಗಿರಲಿ, ಆಗದೇ ಇರಲಿ. ಹನ್ನೆರಡು ನಿಮಿಷ ಗುದ್ದಾಡಿ ಬಿಡಿಸಿದೆ ಅಂದೆಯಲ್ಲ, ಆ ರಾಟೆಯ ಲೆಕ್ಕ, ಅದು ಪರೀಕ್ಷೆಯಲ್ಲಿ ಬಂದರೂ ನಿನ್ನ ಕೆಲಸಕ್ಕೆ ಬಾರದು. ಅಲ್ಲಿ 180 ಪ್ರಶ್ನೆಗೆ 180 ನಿಮಿಷ. ತಪ್ಪಿದರೆ ಒಂದಂಕ ಕಳೆಯುತ್ತಾರೆ, ಬಿಟ್ಟರೆ ಏನೂ ಹೋಗಲ್ಲ. ಸಿಇಟಿಯಲ್ಲಿ ಮೈನಸ್ ಇಲ್ಲ, ಅಲ್ಲಿ ಮಾತ್ರ ಒಂದನ್ನೂ ಖಾಲಿ ಬಿಡಬೇಡ.

ನಾನು ಪಿಯುಸಿಯಲ್ಲಿ ಇಂಟಿಗ್ರೇಶನ್ ಹಟಕ್ಕೆ ಬಿದ್ದು ಕೆಮಿಸ್ಟ್ರಿಯಲ್ಲಿ ಡುಮ್ಕಿ ಹೊಡೆದವನು. ಇಂಟಿಗ್ರೇಶನ್ ಈಗಲೂ ಬರುತ್ತೆ. ಅಡಿಕೆ ತೋಟದಲ್ಲಿ ಯಾರೂ ಕೇಳಲ್ಲ.

ಉರುಳುವ ಲೆಕ್ಕ ನೀನು ಹೇಳಿದಷ್ಟು ಕಷ್ಟವಾ ಅಂತ ನಾನೇ ಪರೀಕ್ಷೆ ಮಾಡಿದೆ. ಹಲಗೆಯ ಒಂದು ತುದಿಗೆ ಇಟ್ಟಿಗೆ ಕೊಟ್ಟು, ಅಮ್ಮನ ಬಳೆಯನ್ನೂ ಗೋಟಡಿಕೆಯನ್ನೂ ಒಟ್ಟಿಗೆ ಬಿಟ್ಟೆ. ಅಡಿಕೆ ಸೊಟ್ಟಗೆ ಹೋಗಿ ಒಲೆಯ ಹತ್ತಿರ ಬಿತ್ತು. ಆಮೇಲೆ ನಿನ್ನ ತಮ್ಮನ ಗೋಲಿ ತಂದೆ. ಐದು ಸಲ ಬಿಟ್ಟೆವು, ಐದು ಸಲವೂ ಗೋಲಿಯೇ ಮೊದಲು. ಬಳೆಯ ತೂಕವೆಲ್ಲ ಅಂಚಿನಲ್ಲಿ, ಅದಕ್ಕೇ ಅದರ ಮೊಮೆಂಟ್ ಆಫ್ ಇನರ್ಷಿಯಾ, ಅಂದರೆ ತಿರುಗಿಸಲು ಎಷ್ಟು ಕಷ್ಟ ಅನ್ನುವ ಅಳತೆ, ಎಂಆರ್ ಸ್ಕ್ವೇರ್ (ತೂಕ ಗುಣಿಸು ತ್ರಿಜ್ಯದ ವರ್ಗ). ಗೋಲಿಗಾದರೆ ಅದರ 2/5 ಮಾತ್ರ. ಬಳೆಗೆ ತಿರುಗುವುದರಲ್ಲೇ ಹೆಚ್ಚು ಶಕ್ತಿ ಖರ್ಚಾಗುತ್ತೆ, ಮುಂದಕ್ಕೆ ಓಡಲು ಕಡಿಮೆ ಉಳಿಯುತ್ತೆ. ದೊಡ್ಡ ಗೋಲಿ, ಸಣ್ಣ ಗೋಲಿ ಎರಡೂ ಒಟ್ಟಿಗೇ ಮುಟ್ಟಿದವು, ಅದನ್ನು ನೋಡಿ ನಿನ್ನ ತಮ್ಮ ಜಗಳಕ್ಕೇ ಬಂದ.

ಬರುವ ಭಾನುವಾರ ಬಯಾಲಜಿ ಮಾತ್ರ ಕೇಳುತ್ತೇನೆ. ಅಮ್ಮ ಬೆಳಗ್ಗಿಂದ ಬಳೆ ಹುಡುಕುತ್ತಿದ್ದಾಳೆ, ಮಂಚದಡಿ ಎಲ್ಲೋ ಉರುಳಿದೆ, ನೀನು ಬಾಯಿ ಬಿಡಬೇಡ.

ನಿನ್ನ
ಅಪ್ಪಯ್ಯ