ಬಾತು ಎಣಿಸಿದರೆ ಸಾಲದು, ಬಂದ ದಿನವನ್ನೂ ಬರೆದಿಡಿ: ಅರಣ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಅರಣ್ಯ ಮತ್ತು ಪರಿಸರ ಸಚಿವರಿಗೆ,

ನಮಸ್ಕಾರ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರ ಜನವರಿಯಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಗೂ ಉತ್ತರ ಕನ್ನಡದ ಅಘನಾಶಿನಿ ಅಳಿವೆಗೂ ಆಗಲೇ ಆ ಗೌರವ ಸಿಕ್ಕಿತು. ಈ ಭಾಗದ ನಮಗೆಲ್ಲ ಖುಷಿಯಾಯಿತು. ಈಗ ಅದರ ಮುಂದಿನ ಕೆಲಸದ ಬಗ್ಗೆ ಕೇಳಬೇಕಿದೆ. 2017ರ ಜೌಗು ಪ್ರದೇಶ ನಿಯಮಗಳ ಪ್ರಕಾರ ರಾಜ್ಯದ ಜೌಗು ಪ್ರಾಧಿಕಾರಕ್ಕೆ ಅಧ್ಯಕ್ಷರು ನೀವೇ. ಹಾಗಾಗಿ ಪತ್ರ ನಿಮಗೇ.

ಮಾಗಡಿ ದೊಡ್ಡ ಕೆರೆಯೇನಲ್ಲ. ಸುಮಾರು 50 ಹೆಕ್ಟೇರ್. ನೀರಾವರಿಗೆ ಅಂತ ಮಳೆನೀರು ಹಿಡಿಯಲು ಜನ ಕಟ್ಟಿದ್ದು. ಆದರೂ ಚಳಿಗಾಲದಲ್ಲಿ ಎಂಟು ಸಾವಿರದಷ್ಟು ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ದಕ್ಷಿಣಕ್ಕೆ ಬರುವ ಹಕ್ಕಿ ಇದು. ಏಳು ಸಾವಿರ ಮೀಟರಿಗಿಂತ ಎತ್ತರದಲ್ಲಿ ಹಾರಿದ್ದು ಉಪಗ್ರಹ ಟ್ಯಾಗ್‌ಗಳಿಂದ ಗೊತ್ತಾಗಿದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಬಾತುಗಳು ಮೈಸೂರು ಕಡೆಯ ಹದಿನಾರು ಕೆರೆಯಲ್ಲೂ ಕಂಡಿವೆ. ನವೆಂಬರ್ ಹೊತ್ತಿಗೆ ಬರುತ್ತವೆ, ಫೆಬ್ರುವರಿ ಕೊನೆ, ಮಾರ್ಚ್ ಅನ್ನುವಷ್ಟರಲ್ಲಿ ಹೊರಡುತ್ತವೆ.

ಈ ಲೆಕ್ಕ ಇನ್ನೆಷ್ಟು ವರ್ಷ ಸರಿ ಇರುತ್ತದೆ ಅನ್ನುವುದೇ ನನ್ನ ಚಿಂತೆ.

ಹೊರಡುವ ಕಾಲ ಬಂತು ಅಂತ ಹಕ್ಕಿಗೆ ಮುಖ್ಯವಾಗಿ ತಿಳಿಸುವುದು ಹಗಲಿನ ಉದ್ದ. ಹಗಲು ಬೆಳೆದಂತೆ ಅದರ ಮೈಯಲ್ಲಿ ಹಾರ್ಮೋನು ಬದಲಾಗುತ್ತದೆ, ಕೊಬ್ಬು ಕೂಡುತ್ತದೆ. ಯಾವ ದಿನ ಹಾರಬೇಕು ಅನ್ನುವುದನ್ನು ಆಮೇಲೆ ಗಾಳಿ, ಚಳಿ, ಮೇವು ತೀರ್ಮಾನಿಸುತ್ತವೆ. ಭೂಮಿ ಎಷ್ಟೇ ಬಿಸಿಯಾದರೂ ಹಗಲಿನ ಉದ್ದ ಬದಲಾಗುವುದಿಲ್ಲ. ಹಿಮ ಕರಗುವ ದಿನ, ಹುಲ್ಲು ಚಿಗುರುವ ದಿನ ಮಾತ್ರ ಹಿಂದೆಮುಂದೆ ಆಗುತ್ತಿವೆ. ಫೆಬ್ರುವರಿಯಲ್ಲಿ ಮಾಗಡಿ ಕೆರೆಯಲ್ಲಿ ಕೂತ ಬಾತಿಗೆ ಟಿಬೆಟಿನಲ್ಲಿ ಈ ವರ್ಷ ಹಿಮ ಬೇಗ ಕರಗಿತು ಅಂತ ಹೇಳುವವರು ಯಾರು?

ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ನೆದರ್ಲೆಂಡ್ಸ್‌ನ ಪೈಡ್ ಫ್ಲೈಕ್ಯಾಚರ್ ಎಂಬ ಪುಟ್ಟ ಹಕ್ಕಿ ಸಾಕ್ಷಿ. ಅದು ಚಳಿಗಾಲ ಕಳೆಯುವುದು ಪಶ್ಚಿಮ ಆಫ್ರಿಕಾದಲ್ಲಿ. ಅತ್ತ ಯುರೋಪಿನಲ್ಲಿ ವಸಂತ ಬೇಗ ಬಂತು, ಮರಿಗಳಿಗೆ ಉಣಿಸಬೇಕಾದ ಕಂಬಳಿಹುಳುಗಳೂ ಬೇಗ ಬಂದು ಮುಗಿದವು. ಹಕ್ಕಿ ಮಾತ್ರ ಹಳೆಯ ಲೆಕ್ಕದಲ್ಲೇ ಬಂತು. ಹುಳುಗಳು ತೀರಾ ಬೇಗ ಮುಗಿಯುವ ಕಾಡುಗಳಲ್ಲಿ 1987ರಿಂದ 2003ರ ನಡುವೆ ಈ ಹಕ್ಕಿ ಶೇ 90ರಷ್ಟು ಕಡಿಮೆಯಾಯಿತು. ಮದುವೆ ಮನೆಗೆ ಊಟ ಮುಗಿದ ಮೇಲೆ ಬಂದ ನೆಂಟನ ಪಾಡು.

ನಮ್ಮ ಬಾತಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅದು ಹುಲ್ಲು, ಕಾಳು ತಿನ್ನುವ ಹಕ್ಕಿ, ಅಷ್ಟು ನಾಜೂಕಲ್ಲ. ಅದರ ಕಥೆ ಬೇರೆ ದಾರಿ ಹಿಡಿಯಬಹುದು. ದಕ್ಷಿಣ ಟಿಬೆಟಿನ ನದಿ ಕಣಿವೆಗಳಲ್ಲೇ ಚಳಿಗಾಲ ಕಳೆಯುವ ಬಾತುಗಳು ಈಚಿನ ದಶಕಗಳಲ್ಲಿ ಜಾಸ್ತಿಯಾಗಿವೆ. ಅಲ್ಲಿನ ಹೊಲಗಳಲ್ಲಿ ಉಳಿಯುವ ಕಾಳು, ಬೇಟೆಗೆ ಬಿದ್ದ ತಡೆ, ಕಡಿಮೆಯಾದ ಚಳಿ, ಎಲ್ಲವೂ ಸೇರಿ ಹೀಗಾಗಿರಬಹುದು. ಅಲ್ಲೇ ಹೊಟ್ಟೆ ತುಂಬಿದರೆ ಇಷ್ಟು ದೂರ ಯಾಕೆ ಬರಬೇಕು, ಅಲ್ವಾ?

ನಮ್ಮ ಕಡೆಯ ಮಾತಿಗೆ ಬರುತ್ತೇನೆ. ಬಾತು ಹಗಲು ಕೆರೆಯಲ್ಲಿ ವಿಶ್ರಾಂತಿ ಪಡೆದು, ಕತ್ತಲಲ್ಲಿ, ನಸುಕಿನಲ್ಲಿ ಹೊಲಕ್ಕೆ ಇಳಿಯುತ್ತದೆ. ಕಡಲೆ, ಶೇಂಗಾ ಅದಕ್ಕೆ ಪ್ರೀತಿ. ಹಿಂಗಾರಿ ಕಡಲೆ ಬಿತ್ತುವುದು ಹಸ್ತ, ಚಿತ್ತಾ ಮಳೆಯ ಹದ ನೋಡಿಕೊಂಡು. ಆ ಮಳೆ ಸರಿಯಾಗಿ ಬಂದರೆ ನವೆಂಬರ್ ಹೊತ್ತಿಗೆ ಗಿಡ ಬೇರು ಬಿಟ್ಟು ನಿಂತಿರುತ್ತದೆ. ಮಳೆ ತಡವಾದರೆ ಬಾತು ಬರುವಾಗ ಇನ್ನೂ ಎಳೆ ಮೊಳಕೆ. ಮೊಳಕೆ ಹೋದರೆ ಆ ಸಾಲೇ ಹೋದಂತೆ. ಇನ್ನು ಮಳೆಯೇ ಕೈಕೊಟ್ಟ ವರ್ಷ ಕೆರೆ ಬೇಗ ಬತ್ತುತ್ತದೆ. ಹಕ್ಕಿಯ ದಿನ, ಬಿತ್ತನೆಯ ದಿನ, ಕೆರೆ ನೀರಿನ ದಿನ, ಈ ಮೂರೂ ಒಂದಕ್ಕೊಂದು ಹೊಂದಿಕೊಂಡಿದ್ದಕ್ಕೇ ಇಷ್ಟು ವರ್ಷ ಇಲ್ಲಿ ಜನ, ಹಕ್ಕಿ ಜತೆಗಿದ್ದದ್ದು. ಈಗ ಮೂರೂ ಅಲ್ಲಾಡುತ್ತಿವೆ.

ಊರಲ್ಲಿ ಕೇಳಿದರೆ ಒಬ್ಬರು "ಈ ಸಲ ತಡ" ಅಂತಾರೆ, ಇನ್ನೊಬ್ಬರು "ಯಾವಾಗಲೂ ಹಿಂಗೇ" ಅಂತಾರೆ. ಜನವರಿಯ ನೀರುಹಕ್ಕಿ ಗಣತಿಯಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಜನವರಿಯಲ್ಲಿ ಎಷ್ಟಿದ್ದವು ಅಂತ ಅದು ಹೇಳುತ್ತದೆ, ಯಾವಾಗ ಬಂದವು, ಯಾವಾಗ ಹೋದವು ಅಂತ ಹೇಳುವುದಿಲ್ಲ. ಬಾತು ಹದಿನೈದು ದಿನ ತಡವಾಗಿ ಬಂದು ಹದಿನೈದು ದಿನ ಮೊದಲೇ ಹೋದರೂ ಗಣತಿಯ ಅಂಕಿ ಅಷ್ಟೇ ಇರಬಹುದು.

ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ. ಊರಿನ ಇಬ್ಬರು ಹುಡುಗರಿಗೆ ಬೈನಾಕ್ಯುಲರ್, ಒಂದು ಪುಸ್ತಕ, ಒಂದಿಷ್ಟು ಗೌರವಧನ ಕೊಡಿ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ವಾರಕ್ಕೊಮ್ಮೆ ಹಕ್ಕಿ ಎಣಿಸಲಿ. ಮೊದಲ ಗುಂಪು ಬಂದ ದಿನ, ಕೊನೆಯದು ಹೋದ ದಿನ, ಕೆರೆಯ ನೀರಿನ ಮಟ್ಟ, ಹೊಲದಲ್ಲಿ ಬೆಳೆ ಯಾವ ಹಂತದಲ್ಲಿದೆ, ಇಷ್ಟನ್ನು ಬರೆದಿಡಲಿ. ಚಳಿಗಾಲದ ಅತಿಥಿ ಹಕ್ಕಿ ಮೊದಲು ಕಂಡ ದಿನವನ್ನು ಸಾಮಾನ್ಯ ಜನರಿಂದಲೇ ಬರೆಸುವ ಕೆಲಸವನ್ನು ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ 2007ರಲ್ಲೇ ಮೈಗ್ರಂಟ್‌ವಾಚ್ ಹೆಸರಲ್ಲಿ ಶುರು ಮಾಡಿತ್ತು. ದಾರಿ ತೋರಿಸುವವರು ರಾಜ್ಯದಲ್ಲೇ ಇದ್ದಾರೆ. ಅಂಕಸಮುದ್ರದಲ್ಲೂ ಇದೇ ಪುಸ್ತಕ ಇಡಿಸಿ.

ಇನ್ನೊಂದು, ಹೂಳೆತ್ತುವುದು, ಮೀನು ಹಿಡಿಯುವುದು, ನೀರು ಬಿಡುವುದು ಇವಕ್ಕೆ ಕ್ಯಾಲೆಂಡರ್ ನೋಡಿ ದಿನ ಗೊತ್ತು ಮಾಡಬೇಡಿ. ಕೊನೆಯ ಗುಂಪು ಹೋಯಿತು ಅಂತ ಪುಸ್ತಕದಲ್ಲಿ ಬರೆದ ಮೇಲೆ ಶುರುವಾಗಲಿ.

ರೈತರನ್ನು ಬಿಟ್ಟು ಇದ್ಯಾವುದೂ ಆಗುವುದಿಲ್ಲ. ಕೊಕ್ಕರೆ ಬೆಳ್ಳೂರಿನಲ್ಲಿ ಗೂಡು ಕಟ್ಟುವ ಮರದ ಹಣ್ಣು ನಷ್ಟವಾದರೆ ಮರದ ಮಾಲೀಕರಿಗೆ ಇಲಾಖೆಯೇ ದುಡ್ಡು ಕೊಟ್ಟಿದೆ. ಆನೆ, ಹಂದಿ ನುಗ್ಗಿದ ಹೊಲಕ್ಕೆ ಪರಿಹಾರ ಕೊಡುವುದೂ ಹೊಸದಲ್ಲ. ಬಾತು ಮೇಯ್ದ ಕಡಲೆ ಹೊಲವನ್ನೂ ಅದೇ ಕಣ್ಣಲ್ಲಿ ನೋಡಿ. ಸುಮ್ನೆ ಅರ್ಜಿ ಹಿಡಿದು ಓಡಾಡಿಸದೆ, ಆ ವಾರದ ಎಣಿಕೆಯನ್ನೇ ಪುರಾವೆಯಾಗಿ ಒಪ್ಪಿಕೊಳ್ಳಿ. ಆಗ ಪುಸ್ತಕ ಸರಿಯಾಗಿ ತುಂಬುತ್ತಿದೆಯಾ ಅಂತ ರೈತರೇ ಕಾಯುತ್ತಾರೆ.

ಪ್ರಾಧಿಕಾರದ ಮುಂದಿನ ಸಭೆಯಲ್ಲಿ ಇದನ್ನು ಚರ್ಚೆಗೆ ಇಡಿ. ಅಕ್ಟೋಬರ್ ಒಳಗೆ ಆದೇಶ ಹೊರಟರೆ ಈ ಹಿಂಗಾರಿಯಿಂದಲೇ ಬರೆಯಲು ಶುರು ಮಾಡಬಹುದು.

ಇಂತಿ,
ಗದಗ ಜಿಲ್ಲೆಯ ಒಬ್ಬ ಹಕ್ಕಿ ವೀಕ್ಷಕ