ಹಳೆ ಬಂದೂಕು ಮಾರುವ ಪದ್ಧತಿ ಬದಲಾಗುತ್ತಿದೆ: ನಮ್ಮ ಗ್ರಾಹಕರಿಗೆ ಪತ್ರ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ನಮ್ಮ ಗ್ರಾಹಕರಿಗೆ ನಮಸ್ಕಾರ.

ಬರುವ ಯುಗಾದಿಯಿಂದ ನಮ್ಮ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಬಂದೂಕು, ರೈಫಲ್‌ಗಳನ್ನು ಇದ್ದ ಹಾಗೇ ಮಾರುವುದಿಲ್ಲ. ಪ್ರತಿಯೊಂದನ್ನೂ ಮೊದಲು ಬಿಚ್ಚಿ ಅಳೆಯುತ್ತೇವೆ. ಏನು ಗಟ್ಟಿಯಿದೆ, ಏನು ಸವೆದಿದೆ, ಯಾವ ತೋಟಾ ಹಾಕಬಹುದು, ಯಾವುದು ಹಾಕಬಾರದು ಎಂದು ಒಂದು ತಪಾಸಣೆ ಹಾಳೆಯಲ್ಲಿ ಬರೆಯುತ್ತೇವೆ. ಆಮೇಲೆ ಮಾತ್ರ ಮಾರಾಟಕ್ಕೆ ಇಡುತ್ತೇವೆ. ಆ ಹಾಳೆ ಬಿಲ್ಲಿನ ಜೊತೆ ನಿಮ್ಮ ಕೈಗೆ ಬರುತ್ತದೆ. ಗುಂಡು ಹಾರಿದ ಮೇಲೆ ಮುಂದಿನ ತೋಟಾವನ್ನು ತಾನೇ ಏರಿಸಿಕೊಳ್ಳುವ ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳ ವಿಚಾರಣೆಯನ್ನು ಇನ್ನು ಮುಂದೆ ತೆಗೆದುಕೊಳ್ಳುವುದೇ ಇಲ್ಲ. ಈ ಕೆಲಸಕ್ಕೆ ಸಮಯ ಹಿಡಿಯುತ್ತದೆ, ಬೆಲೆಯೂ ಸ್ವಲ್ಪ ಜಾಸ್ತಿ ಆಗುತ್ತದೆ. ಅದಕ್ಕೇ ಕಾರಣ ಹೇಳಿ ಈ ಪತ್ರ ಬರೆಯುತ್ತಿದ್ದೇವೆ.

2019ರ ಡಿಸೆಂಬರ್‌ನಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಬಂತು. ಅದಕ್ಕೆ ಮೊದಲು ಒಬ್ಬ ಲೈಸೆನ್ಸ್‌ದಾರ 3 ಬಂದೂಕು ಇಟ್ಟುಕೊಳ್ಳಬಹುದಿತ್ತು. ಈಗ 2 ಮಾತ್ರ. ಮೂರನೆಯದನ್ನು ಕೊಡಬೇಕಾದವರು ಸಹಜವಾಗಿ ಮನೆಯಲ್ಲಿದ್ದ ಅತಿ ಹಳೆಯದನ್ನೇ ಹೊರಗೆ ತಂದರು. ಹಾಗೆ ಅಜ್ಜ, ಮುತ್ತಜ್ಜನ ಕಾಲದ ಜೋಡುನಳಿಗೆಗಳು ಪೇಟೆಗೆ ಬಂದವು. ನಿಜಾಮರ ಆಳ್ವಿಕೆಯಲ್ಲಿ ಕೊಂಡ ಇಂಗ್ಲಿಷ್ ಬಂದೂಕುಗಳು ನಮ್ಮ ಭಾಗದ ಹಳೆ ಮನೆಗಳಲ್ಲಿ ಇನ್ನೂ ಇವೆ. ನೋಡಲು ಬಲು ಚೆಂದ. ಅಕ್ರೂಟ್ ಮರದ ಹಿಡಿ, ಬೆಳ್ಳಿಯಂಥ ಹೊಳಪು, ಕೈಯಲ್ಲಿ ಕೆತ್ತಿದ ಹೂಬಳ್ಳಿ. ಕೊಳ್ಳುವವರು ಅದನ್ನೇ ನೋಡಿ ಮನಸ್ಸು ಮಾಡುತ್ತಾರೆ. ಬಂದೂಕಿನ ಜೀವ ಇರುವುದು ಮಾತ್ರ ಒಳಗೆ. ನಳಿಗೆಯಲ್ಲಿ, ತೋಟಾ ಕೂಡುವ ಚೇಂಬರಿನಲ್ಲಿ, ಬೀಗ ಕೂಡುವ ಕೀಲಿನಲ್ಲಿ.

ಎಲ್ಲಕ್ಕಿಂತ ಮೊದಲು ಚೇಂಬರಿನ ಮಾತು ಹೇಳಬೇಕು. ನಮಗೆ ಅತಿ ಹೆಚ್ಚು ಚಿಂತೆ ಇರುವುದು ಇದರ ಬಗ್ಗೆಯೇ. ಹಳೆಯ ಇಂಗ್ಲಿಷ್ 12 ಬೋರ್ ಬಂದೂಕುಗಳಲ್ಲಿ ಬಹಳಷ್ಟರ ಚೇಂಬರ್ ಎರಡೂವರೆ ಇಂಚು, ಪೇಟೆಯ ಲೆಕ್ಕದಲ್ಲಿ 65 ಮಿ.ಮೀ. ಈಗ ಸಾಮಾನ್ಯವಾಗಿ ಸಿಗುವ ತೋಟಾ 70 ಮಿ.ಮೀ.ನದು. ಇಲ್ಲಿ ಮೋಸ ಹೋಗುವುದು ಸುಲಭ. 70ರ ತೋಟಾ 65ರ ಚೇಂಬರಿನಲ್ಲಿ ಸಲೀಸಾಗಿ ಕೂಡುತ್ತದೆ, ಬಂದೂಕು ಮುಚ್ಚಿಕೊಳ್ಳುತ್ತದೆ. ಯಾಕೆಂದರೆ ತೋಟಾದ ಮೇಲೆ ಬರೆದಿರುವ ಉದ್ದ ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ಖಾಲಿ ಕೋಶದ್ದು. ಮಡಚಿದ ಬಾಯಿ ಬಿಚ್ಚಲು ಒಳಗೆ ಜಾಗ ಸಾಲದಿದ್ದರೆ ಅದು ಮುಂದಿನ ಕಿರಿದಾದ ಜಾಗಕ್ಕೆ ನುಗ್ಗುತ್ತದೆ, ಒತ್ತಡ ಒಮ್ಮೆಗೇ ಏರುತ್ತದೆ. ಒಂದೆರಡು ಸಲ ಏನೂ ಆಗದಿರಬಹುದು. ಆದರೆ ಪ್ರತಿ ಸಲವೂ ಕೀಲು ಸವೆಯುತ್ತದೆ, ಮರ ಸೀಳುತ್ತದೆ. ನಳಿಗೆ ತೆಳ್ಳಗಿದ್ದರೆ ಮುಖದ ಹತ್ತಿರವೇ ಒಡೆಯಬಹುದು. ಆಳಂದ ಕಡೆಯ ಒಬ್ಬ ಗ್ರಾಹಕರು ಬೇರೆ ಕಡೆ ಕೊಂಡ ಬಂದೂಕನ್ನು ಸುಮ್ನೆ ಎಣ್ಣೆ ಹಾಕಿಸಲು ತಂದರು. ಗೇಜ್ (ಅಳತೆಯ ಸಾಧನ) ಹಾಕಿದರೆ 65. ಅವರ ಚೀಲದಲ್ಲಿದ್ದ ತೋಟಾ ಎಲ್ಲವೂ 70ರವು. ಮಾರಿದವರು ಈ ಮಾತೇ ಎತ್ತಿರಲಿಲ್ಲ. ಆಗಲೇ ನಾವು ನಿರ್ಧಾರ ಮಾಡಿದೆವು, ಚೇಂಬರಿನ ಅಳತೆ ಬರೆಯದ ಒಂದು ಬಂದೂಕೂ ನಮ್ಮ ಅಂಗಡಿಯಿಂದ ಹೊರಗೆ ಹೋಗಬಾರದು ಎಂದು. 65ರ ಬಂದೂಕು ಕೊಂಡವರು ಅದಕ್ಕೆಂದು 70ರ ತೋಟಾ ಕೇಳಿದರೂ ನಾವು ಕೊಡುವುದಿಲ್ಲ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ನಳಿಗೆಯ ಮೇಲೆ ಸುರುಳಿ ಸುರುಳಿಯಾಗಿ ನವಿಲುಗರಿಯ ಬಣ್ಣದ ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ತಿರುಚಿ ಬೆಸೆದು ಮಾಡಿದ್ದು. ಬಹುಪಾಲು ಇವು ಕರಿಮದ್ದಿನ ಕಾಲದವು. ಈಗಿನ ತೋಟಾದಲ್ಲಿರುವ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದ ಗುರುತು ಇಲ್ಲದಿದ್ದರೆ ಇಂಥದ್ದನ್ನು ಹಾರಿಸುವ ಬಂದೂಕೆಂದು ಯಾರಿಗೂ ಮಾರುವುದಿಲ್ಲ. ಇಂಗ್ಲಿಷ್ ಬಂದೂಕಿನ ನಳಿಗೆ ಬಿಚ್ಚಿ ಕೆಳಭಾಗ ನೋಡಿದರೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಕೇಂದ್ರದ ಮುದ್ರೆ ಇರುತ್ತದೆ. ಆ ಮುದ್ರೆ ಕೆತ್ತನೆಗಿಂತ ಹೆಚ್ಚು ಮಾತಾಡುತ್ತದೆ.

ಇನ್ನು ಕೀಲು. ಮುಂದಿನ ಮರ ತೆಗೆದು, ಹಿಡಿಯ ಹತ್ತಿರ ಹಿಡಿದು ಬಂದೂಕನ್ನು ಅಲುಗಿಸಿ. ಟಕಟಕ ಸದ್ದು ಬರಬಾರದು. ಮುಚ್ಚಿದ ಬಂದೂಕನ್ನು ಬೆಳಕಿಗೆ ಹಿಡಿದರೆ ನಳಿಗೆಯ ಹಿಂಬದಿಗೂ ಅದು ಕೂಡುವ ಉಕ್ಕಿನ ಬಾಡಿಗೂ ನಡುವೆ ಬೆಳಕಿನ ಗೆರೆ ಕಾಣಬಾರದು. ಮೇಲಿನ ಲಿವರ್ ಹೊಸದರಲ್ಲಿ ನಡುಗೆರೆಯಿಂದ ಕೊಂಚ ಬಲಕ್ಕೆ ನಿಲ್ಲುತ್ತದೆ. ಸವೆದ ಹಾಗೆ ನಡುವಿಗೆ ಬರುತ್ತದೆ. ನಡು ದಾಟಿ ಎಡಕ್ಕೆ ಹೋಗಿದ್ದರೆ ಬೀಗ ಸವೆದಿದೆ. ಹೀಗೆ ಸಡಿಲವಾದದ್ದನ್ನು ಕೆಲವರು ಸುತ್ತಿಗೆಯಲ್ಲಿ ಬಡಿದು ತಾತ್ಕಾಲಿಕವಾಗಿ ಬಿಗಿ ಮಾಡಿ ಮಾರುತ್ತಾರೆ. ಕೀಲಿನ ಮೇಲೆ ಬಡಿತದ ಗುರುತು ಇದೆಯಾ ಎಂದು ನಾವು ಭೂತಗನ್ನಡಿ ಹಿಡಿದು ನೋಡುವುದು ಅದಕ್ಕೇ.

ನಳಿಗೆಯನ್ನು ಬೇರೆ ಮಾಡಿ, ಕೊಕ್ಕೆಯಿಂದ ತೂಗುಬಿಟ್ಟು, ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟಿದರೆ ಗುಡಿಯ ಗಂಟೆಯ ಹಾಗೆ ದನಿ ಹರಿಯಬೇಕು. ಕಟ್ ಎಂದು ಸತ್ತ ದನಿ ಬಂದರೆ ಎರಡು ನಳಿಗೆ ಕೂಡಿಸಿದ ಪಟ್ಟಿಯ ಬೆಸುಗೆ ಬಿಟ್ಟಿರುವ ಅನುಮಾನ. ಆಮೇಲೆ ಒಳಗೆ ನೋಡಬೇಕು. ತುಕ್ಕು ತಿಂದ ಚುಕ್ಕೆ ಅಲ್ಲೊಂದು ಇಲ್ಲೊಂದು ಇದ್ದರೆ ಹೆದರಬೇಕಿಲ್ಲ, ಆಳ ಎಷ್ಟು ಎಂಬುದು ಮುಖ್ಯ. ಉಂಗುರದ ಹಾಗೆ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಒಳಗೆ ಏನೋ ಅಡ್ಡ ಇದ್ದಾಗ ಹಾರಿಸಿದ್ದಾರೆ ಎಂದರ್ಥ. ಅಂಥದ್ದನ್ನು ನಾವು ವಾಪಸ್ ಕಳಿಸುತ್ತೇವೆ.

ನಮ್ಮ ಕಡೆಯ ಹವೆಯೂ ಬಂದೂಕಿಗೆ ಸುಲಭದ್ದಲ್ಲ. ಬೇಸಿಗೆಯಲ್ಲಿ 42, 43 ಡಿಗ್ರಿ ಒಣ ಬಿಸಿಲಿಗೆ ಮರ ಕುಗ್ಗುತ್ತದೆ, ಸ್ಕ್ರೂ ಸಡಿಲವಾಗುತ್ತದೆ, ಹಿಡಿಯ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬರುತ್ತದೆ. ಮಳೆಗಾಲದಲ್ಲಿ ಚರ್ಮದ ಚೀಲ ತೇವ ಹಿಡಿದು ಉಕ್ಕನ್ನು ತಿನ್ನುತ್ತದೆ. ಚುನಾವಣೆ ಸಮಯದಲ್ಲಿ ಠೇವಣಿ ಇಟ್ಟು ವಾಪಸ್ ತಂದ ಬಂದೂಕನ್ನು ಒರೆಸದೆ ಬೀರುವಿಗೆ ಸೇರಿಸುವವರು ಬಹಳ ಜನ. ಆ ತಿಂಗಳುಗಳ ತುಕ್ಕು ಮುಂದೆ ಬೆಲೆಯಲ್ಲಿ ಕಾಣುತ್ತದೆ. ಚರ್ಮದ ಚೀಲದಲ್ಲಿ ಖಾಯಂ ಇಡಬೇಡಿ. ಬೀರುವಿನಲ್ಲಿ ಎಣ್ಣೆ ಬಟ್ಟೆಯಿಂದ ಒರೆಸಿ, ಬೀಗ ಹಾಕಿ, ತೋಟಾ ಬೇರೆ ಕಡೆ ಇಡಿ.

ರೈಫಲ್ ಕೇಳುವವರಿಗೆ ನಮ್ಮ ಸಲಹೆ ಒಂದೇ. ಹಳೆಯದರಲ್ಲಿ ನಂಬಿಕೆಯದು ಬೇಕಾದರೆ ಬೋಲ್ಟ್ ಆಕ್ಷನ್ ನೋಡಿ, ಅಂದರೆ ತೋಟಾದ ಹಿಂದೆ ಬೀಗವಾಗಿ ನಿಲ್ಲುವ ಬೋಲ್ಟನ್ನು ಪ್ರತಿ ಗುಂಡಿಗೂ ಕೈಯಲ್ಲೇ ಎಳೆದು ಮುಚ್ಚುವಂಥದ್ದು. ಬಂಗಾಳದ ಇಶಾಪುರ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್ ಲೀ ಎನ್‌ಫೀಲ್ಡ್ ಮಾದರಿಯದು. ಸಪ್ಪೆಯಾಗಿ ಕಾಣುತ್ತದೆ, ಆದರೆ ಬಿಚ್ಚುವುದು ಸುಲಭ. ಅದರಲ್ಲೂ ಬೋಲ್ಟಿನ ನಂಬರ್ ಬಾಡಿಯ ನಂಬರಿಗೆ ಹೊಂದಬೇಕು. ಬೋಲ್ಟ್ ಬದಲಾಗಿದ್ದರೆ ತೋಟಾದ ಹಿಂದೆ ಉಳಿಯುವ ಜಾಗ ಹೆಚ್ಚಾಗಿರಬಹುದು, ಗೇಜ್ ಹಾಕದೆ ಅದು ಗೊತ್ತಾಗುವುದಿಲ್ಲ. ನಳಿಗೆಯ ಬಾಯಿಯ ಅಂಚನ್ನೂ ನೋಡಿ. ಹಿಂದಿನಿಂದ ಒರೆಸುವ ಬದಲು ವರ್ಷಗಟ್ಟಲೆ ಮುಂದಿನಿಂದ ಸಲಾಕೆ ಹಾಕಿದ್ದರೆ ಅಂಚು ಸವೆದು ಗುರಿ ಹಾಳಾಗಿರುತ್ತದೆ.

ಈಗ ಸೆಮಿ ಆಟೋಮ್ಯಾಟಿಕ್ ವಿಚಾರ. ವಿಡಿಯೋ ನೋಡಿ, ಇಲ್ಲಾ ಅಮೆರಿಕದಲ್ಲಿರುವ ಮಗನೋ ಅಳಿಯನೋ ಹೇಳಿದ್ದು ಕೇಳಿ, ಅಂಥದ್ದೊಂದು ಹಳೆ ಬೇಟೆ ರೈಫಲ್ ಸಿಗುತ್ತದಾ ಎಂದು ಬಹಳ ಜನ ಕೇಳುತ್ತಾರೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಇವು ನಿರ್ಬಂಧಿತ ವರ್ಗದಲ್ಲಿವೆ. ಸಾಮಾನ್ಯ ಲೈಸೆನ್ಸ್ ಮೇಲೆ ಅಂಥ ಬೇಟೆ ರೈಫಲ್ ಕೊಳ್ಳಲು ಆಗುವುದಿಲ್ಲ. ‘ಹೇಗಾದರೂ ಮಾಡಿಕೊಡುತ್ತೇನೆ’ ಎನ್ನುವವರನ್ನು ನಂಬಬೇಡಿ, ಜೈಲಿಗೆ ಹೋಗುವವರು ನೀವು.

ಕಾನೂನು ಅವಕಾಶ ಕೊಡುವ ದೇಶದಲ್ಲಿರುವ ನಿಮ್ಮವರು ಹಳೆಯದನ್ನು ಕೊಳ್ಳುವುದಾದರೆ ಈ ಮಾತು ತಲುಪಿಸಿ. ಸೆಮಿ ಆಟೋಮ್ಯಾಟಿಕ್ ತನ್ನಷ್ಟಕ್ಕೆ ತಾನೇ ತೆರೆದು ಮುಚ್ಚುವ ಯಂತ್ರ. ಸವೆತ ಅದಕ್ಕೆ ಬೋಲ್ಟ್ ಆಕ್ಷನ್‌ಗಿಂತ ಜಾಸ್ತಿ, ಕೊಳೆಯೂ ಜಾಸ್ತಿ. 1960ರಿಂದ 1980ರವರೆಗೆ ತಯಾರಾದ ರೆಮಿಂಗ್ಟನ್ 742ರಲ್ಲಿ ಬೋಲ್ಟ್ ಓಡಾಡುವ ಹಳಿಯನ್ನೇ ಬೋಲ್ಟ್ ಕಚ್ಚಿ ತಿನ್ನುತ್ತದೆ ಎಂಬುದು ಗನ್‌ಸ್ಮಿತ್‌ಗಳಿಗೆಲ್ಲ ಗೊತ್ತಿರುವ ವಿಷಯ. ಆ ಹಳಿ ಇರುವುದು ಬಾಡಿಯಲ್ಲೇ. ಹಾಗಾಗಿ ಅದು ಹೋದರೆ ರೈಫಲ್ಲೇ ಹೋದ ಹಾಗೆ. ಬೋಲ್ಟ್ ಹಿಂದಕ್ಕೆಳೆದು ಒಳಗೆ ಟಾರ್ಚ್ ಬಿಟ್ಟು ಆ ಹಳಿ ನೋಡದೆ ದುಡ್ಡು ಕೊಡಬಾರದು. ವಿಂಚೆಸ್ಟರ್ 100 ರೈಫಲ್ಲನ್ನು, ತೋಟಾಕ್ಕೆ ಬಡಿದು ಹಾರಿಸುವ ಫೈರಿಂಗ್ ಪಿನ್ ಮುರಿಯುವ ಅಪಾಯಕ್ಕೆ ಕಂಪನಿಯೇ 1990ರಲ್ಲಿ ವಾಪಸ್ ಕರೆದಿತ್ತು. ಪಿನ್ ಬದಲಾಗಿದೆಯಾ ಎಂದು ಕೇಳಲೇಬೇಕು. ಬ್ರೌನಿಂಗ್ ಕಂಪನಿಯ ಬಾರ್ (BAR) ರೈಫಲ್ ಇವೆರಡಕ್ಕಿಂತ ಗಟ್ಟಿ ಎಂಬುದು ನಮ್ಮ ಅಭಿಪ್ರಾಯ. ಆದರೂ ಗ್ಯಾಸ್ ಹೋಗುವ ದಾರಿ ಮತ್ತು ಪಿಸ್ಟನ್ ಬಿಚ್ಚಿ ನೋಡಬೇಕು. ತೋಟಾ ಸಿಕ್ಕಿಹಾಕಿಕೊಳ್ಳುತ್ತದೆ ಎಂಬ ದೂರಿಗೆ ಬಹಳ ಸಲ ಕಾರಣ ತೋಟಾ ತುಂಬುವ ಮ್ಯಾಗಝೀನಿನ ಬಗ್ಗಿದ ತುಟಿ, ಸೋತ ಸ್ಪ್ರಿಂಗ್, ಇಲ್ಲವೇ ಖಾಲಿ ಕೋಶ ಹೊರಗೆಳೆಯುವ ಸವೆದ ಎಕ್ಸ್‌ಟ್ರಾಕ್ಟರ್. ಅವು ಸಣ್ಣ ಭಾಗಗಳು, ಬದಲಾಯಿಸಬಹುದು. ಬಾಡಿ ಸವೆದಿದ್ದರೆ ಬದಲಾಯಿಸಲು ಆಗುವುದಿಲ್ಲ.

ಬೇಟೆಯ ಮಾತು ಬಂದಿದ್ದರಿಂದ ಇದನ್ನೂ ಹೇಳಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಚಿಂಚೋಳಿ, ಚಿತ್ತಾಪುರ ಕಡೆಯ ರೈತರ ಕಷ್ಟ ನಮಗೆ ಗೊತ್ತು. ತೊಗರಿ ಹೂವಿಗೆ ಬರುವ ಹೊತ್ತಿಗೆ ಹಂದಿ, ಜಿಂಕೆ ಹೊಲಕ್ಕೆ ನುಗ್ಗಿದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಆದರೆ ಬಂದೂಕಿನ ಲೈಸೆನ್ಸ್ ಎಂದರೆ ಕಾಡುಪ್ರಾಣಿಗೆ ಗುಂಡು ಹಾರಿಸುವ ಅನುಮತಿಯಲ್ಲ. ಅದಕ್ಕೆ ಅರಣ್ಯ ಇಲಾಖೆಯ ಲಿಖಿತ ಆದೇಶ ಬೇಕು. ಕೃಷ್ಣಮೃಗ ಆ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಬೆಳೆ ಹಾನಿಗೆ ಇಲಾಖೆ ಪರಿಹಾರ ಕೊಡುತ್ತದೆ. ಫೋಟೋ, ಪಹಣಿ ಸಮೇತ ತಡ ಮಾಡದೆ ಅರ್ಜಿ ಹಾಕಿ.

ಕಾಗದಪತ್ರದ ಕಡೆಯೂ ನಾವು ಬಿಗಿಯಾಗುತ್ತಿದ್ದೇವೆ. ನಂಬರ್ ಅಳಿಸಿದ, ತಿದ್ದಿದ, ಅಥವಾ ನಳಿಗೆ ಕತ್ತರಿಸಿ ಗಿಡ್ಡ ಮಾಡಿದ ಬಂದೂಕು ತಂದರೆ ಮುಟ್ಟುವುದೂ ಇಲ್ಲ. ಎರಡೂ ಅಪರಾಧ. ಲೈಸೆನ್ಸ್‌ದಾರರು ತಮ್ಮ ತಮ್ಮಲ್ಲೇ ಮಾರಿಕೊಳ್ಳುವುದಾದರೆ ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಳೆಯಬೇಕು. ಯಾದಗಿರಿ ಜಿಲ್ಲೆಯವರು ಒಂದು ವಿಷಯ ಗಮನಿಸಿ. 2009ರ ಕೊನೆಗೆ ನಿಮ್ಮದು ಬೇರೆ ಜಿಲ್ಲೆಯಾಯಿತು. ಸುರಪುರ, ಶಹಾಪುರ ಕಡೆಯಿಂದ ಬರುವ ಕೆಲವು ಹಳೆ ಲೈಸೆನ್ಸ್ ಪುಸ್ತಕಗಳಲ್ಲಿ ಇನ್ನೂ ಗುಲ್ಬರ್ಗಾ ಜಿಲ್ಲೆ ಎಂದೇ ಇದೆ. ಮಾರುವ, ಕೊಳ್ಳುವ ಮೊದಲು ಯಾದಗಿರಿಯಲ್ಲಿ ದಾಖಲೆ ಸರಿ ಮಾಡಿಸಿಕೊಳ್ಳಿ. ಬಂದೂಕಿನ ಯಜಮಾನರು ತೀರಿಕೊಂಡಿದ್ದರೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಠೇವಣಿ ಇಟ್ಟು, ಆಮೇಲೆ ವಾರಸುದಾರರ ಅರ್ಜಿ ಹಾಕಿ.

ಈಗಾಗಲೇ ಮಾರಾಟಕ್ಕೆಂದು ನಮ್ಮಲ್ಲಿ ಬಂದೂಕು ಇಟ್ಟವರು ಯುಗಾದಿಯೊಳಗೆ ಅಂಗಡಿಗೆ ಬಂದು ತಪಾಸಣೆಗೆ ಒಪ್ಪಿಗೆ ಕೊಡಿ, ಇಲ್ಲವೇ ವಾಪಸ್ ತೆಗೆದುಕೊಂಡು ಹೋಗಿ. ತಪಾಸಣೆಯಲ್ಲಿ ದೋಷ ಕಂಡರೆ ನಿಮಗೆ ತೋರಿಸಿಯೇ ಬರೆಯುತ್ತೇವೆ, ಬೆಲೆ ಅದರ ಮೇಲೆ ಮಾತಾಡೋಣ. ಬೇರೆ ಕಡೆ ಕೊಂಡ ಬಂದೂಕನ್ನೂ ನೋಡಿಕೊಡುತ್ತೇವೆ, ಅದಕ್ಕೆ ಬೇರೆ ಶುಲ್ಕ ಇದೆ. ಬರುವಾಗ ಮೂಲ ಲೈಸೆನ್ಸ್ ತನ್ನಿ, ಝೆರಾಕ್ಸ್ ನಡೆಯುವುದಿಲ್ಲ. ಬಂದೂಕು ಖಾಲಿ ಮಾಡಿ, ಚೀಲದಲ್ಲಿ ಹಾಕಿ ತನ್ನಿ. ನೀವು ಬಳಸುವ ತೋಟಾದ ಖಾಲಿ ಡಬ್ಬಿಯೊಂದು ಇದ್ದರೆ ಅದನ್ನೂ ತನ್ನಿ, ಚೇಂಬರಿಗೆ ಹೊಂದುತ್ತದೋ ಇಲ್ಲವೋ ಅಲ್ಲೇ ಹೇಳುತ್ತೇವೆ.

ಇಂತಿ,
ನಿಮ್ಮ ಬಂದೂಕು ಅಂಗಡಿಯವರು
ಕಲಬುರಗಿ